ಮುನ್ನೂರ ನಲವತ್ತು ಗ್ರಾಂ

ನವೆಂಬರಿನ ಕೊನೆಗೆ ನಮ್ಮ ಸ್ಟೂರ್‌ವೋಗಿನಲ್ಲಿ ಸೂರ್ಯ ರಜೆ ಹಾಕುತ್ತಾನೆ,
ಜನವರಿಯವರೆಗೆ ಮುಖ ತೋರಿಸುವುದಿಲ್ಲ.
ಹಾಗಾಗಿ ಮಧ್ಯಾಹ್ನ ಹನ್ನೆರಡಕ್ಕೆ ಹುಡುಗ ಕಾಣೆಯಾದ ಎಂದರೆ
ಕತ್ತಲಲ್ಲೇ ಕಾಣೆಯಾದ ಎಂದು ತಿಳಿಯಿರಿ.

ಆಸ್ಲಾಕ್. ಆರು ವರ್ಷ. ನೀಲಿ ಟೋಪಿ.
ಕೆಂಪು, ಎಂದಳು ಟೀಚರು. ಹಸಿರು, ಎಂದ ಬಸ್ಸಿನ ಓಡ್ವಾರ್.
ತಾಯಿಗೇ ನೆನಪಿರಲಿಲ್ಲ,
ಅದಕ್ಕೇ ಹೆಚ್ಚು ಅತ್ತಳು.

ಧಕ್ಕೆಯುದ್ದಕ್ಕೂ ಟಾರ್ಚುಗಳು.
ಬೋರಲು ಹಾಕಿದ ದೋಣಿಗಳ ಅಡಿ, ಐಸು ಕಾರ್ಖಾನೆಯ ಹಿಂದೆ,
ಮೀನು ಒಣಗಿಸುವ ಖಾಲಿ ಚಪ್ಪರಗಳ ಕೆಳಗೆ
ಹೆಸರು ಕೂಗಿದೆವು. ಹೆಸರು ಬಂಡೆಗೆ ಬಡಿದು
ನಮ್ಮ ಹತ್ತಿರವೇ ವಾಪಸು ಬಂತು.

ಆಮೇಲೆ ಒಬ್ಬೊಬ್ಬರೇ ನನ್ನ ಅಂಗಡಿಗೆ ಬಂದರು
ಬ್ಯಾಟರಿ ಕೊಳ್ಳಲು, ಕೈ ಕಾಯಿಸಲು.
ಕಾಫಿ ಪುಕ್ಕಟೆ ಎಂದೆ. ಮಾತೂ ಪುಕ್ಕಟೆಯಾಯಿತು.

ಸಮುದ್ರ, ಎಂದು ಒಬ್ಬ ಬಾಯಿ ತೆರೆದು ನಾಲಗೆ ಕಚ್ಚಿಕೊಂಡ;
ಇಲ್ಲಿ ಆ ಮಾತನ್ನು ಮೊದಲು ಆಡಬಾರದು.
ಬಿಟ್ಟುಹೋದ ಅಪ್ಪನೇ ಒಯ್ದಿರಬೇಕು, ಎಂದಳು ಗುನ್ವೋರ್.
ತಾಯಿ ನಿದ್ದೆ ಮಾತ್ರೆ ನುಂಗುತ್ತಾಳಂತೆ.
ಅಂತೆ ಎಂಬುದಕ್ಕೆ ಕಾಲಿಲ್ಲ, ಆದರೂ ಎಷ್ಟು ಬೇಗ ನಡೆಯುತ್ತದೆ.

ಆಗ ನಾನು, ಲೋಟ ಒರೆಸುತ್ತ, ಸುಮ್ಮನೆ,
ಯಾರ ಮೇಲೂ ಏನೂ ಇಲ್ಲದೆ,
'ವೈದಾಸ್ ನಿನ್ನೆ ಎರಡು ಚಾಕಲೇಟು ಕೊಂಡ' ಎಂದೆ.

ಅಷ್ಟೇ. ಸುಳ್ಳಲ್ಲ. ರಸೀತಿ ಇದೆ.

ಬಾಗಿಲು ದಾಟುವಷ್ಟರಲ್ಲಿ ಅದು ದಿನಾ ಎರಡು ಆಯಿತು.
ಧಕ್ಕೆ ಮುಟ್ಟುವಷ್ಟರಲ್ಲಿ 'ಅವನಿಗೆ ಮಕ್ಕಳೆಂದರೆ ಒಂದು ಥರ' ಆಯಿತು.
ಲಿಥುವೇನಿಯಾದವನು, ಹಳದಿ ಬಿಡಾರದ ಕೊನೆಯ ಕೋಣೆ,
ಪರದೆ ಸದಾ ಎಳೆದೇ ಇರುತ್ತದೆ, ಹಗಲೇ ಇಲ್ಲದ ಊರಲ್ಲಿ ಪರದೆ ಯಾಕೆ?
ಚಾಕು ಹಿಡಿದರೆ ಅವನ ಕೈ ನೋಡಬೇಕು, ಎಂದ ಒಬ್ಬ.
ಮೀನು ಕತ್ತರಿಸಲು ನಾವೇ ಕರೆಸಿಕೊಂಡ ಕೈ ಅದು
ಎಂದು ಯಾರೂ ಅನ್ನಲಿಲ್ಲ.

ನಾಲ್ವರು ಹೋಗಿ ಬಡಿದರಂತೆ.
ರಾತ್ರಿಪಾಳಿಯವನು, ಅರೆನಿದ್ದೆಯಲ್ಲಿ ತೆರೆದನಂತೆ.
ಮಂಚದ ಕೆಳಗೆ, ಬೀರುವಿನಲ್ಲಿ,
ರಬ್ಬರು ಬೂಟಿನೊಳಗೂ ಟಾರ್ಚು ಬಿಟ್ಟರಂತೆ.
ಬೂಟಿನೊಳಗೆ! ಆರು ವರ್ಷದ ಹುಡುಗನನ್ನು!
ಅವನು ಕೇಳಿದ್ದು ಒಂದೇ: 'ಟೋಪಿ ಯಾವ ಬಣ್ಣ?'
ತಾನೂ ಹುಡುಕುತ್ತೇನೆಂದು ಕೋಟು ತೊಟ್ಟ.
ಬೇಡ ಎಂದರು.

ಏಳೂವರೆಗೆ ಫೆರ್ರಿಯಿಂದ ಫೋನು ಬಂತು.
ಇಂಜಿನು ಕೋಣೆಯ ಗೋಡೆಗೊರಗಿ, ಹಗ್ಗದ ಸುರುಳಿಯೊಳಗೆ
ಆಸ್ಲಾಕ್ ಮಲಗಿದ್ದ, ಫ್ಯೋರ್ಡನ್ನು ಮೂರು ಸಲ ದಾಟಿದ್ದ.
ಯಾಕೆ ಹತ್ತಿದೆ ಎಂದರೆ, ಬೆಚ್ಚಗಿತ್ತು ಎಂದ.
ತಲೆಯ ಮೇಲೆ ಟೋಪಿಯೇ ಇರಲಿಲ್ಲ.

ಎಲ್ಲರೂ ಎಲ್ಲರನ್ನೂ ತಬ್ಬಿಕೊಂಡೆವು.
ಕ್ಷಮೆ ಯಾರು ಕೇಳಬೇಕು? ಯಾರೂ ಏನೂ ಅಂದಿರಲಿಲ್ಲವಲ್ಲ.

ಉಳಿದದ್ದು ಹೇಳಿಬಿಡುತ್ತೇನೆ.
ಅಂಗಡಿಯ ಮೂಲೆಯ ಅಂಚೆ ಕೆಲಸವೂ ನನ್ನದೇ.
ತಿಂಗಳಿಗೊಂದು ಪೊಟ್ಟಣ. ಊರು ಪಾನೆವೆಝಿಸ್, ಹೆಸರು ಉಗ್ನೆ,
ಈಗಷ್ಟೇ ಓದಲು ಕಲಿತವರಿಗೆಂದು ದಪ್ಪ ದಪ್ಪ ಅಕ್ಷರ.
ಒಂದು ಜೊತೆ ಉಣ್ಣೆಯ ಕಾಲ್ಚೀಲ, ಎರಡು ಚಾಕಲೇಟು.
ಆ ದಿನ ಕೊಂಡ ಐದು ನಿಮಿಷಕ್ಕೆ
ಅದೇ ಮೇಜಿನ ಮೇಲೆ ತೂಗಿದವಳು ನಾನು.
ಮುನ್ನೂರ ನಲವತ್ತು ಗ್ರಾಂ. ಮುದ್ರೆ ಒತ್ತಿದ್ದೆ.

ಆ ಹೊತ್ತಿಗೆ ನೆನಪಾಗಲಿಲ್ಲ ಎಂದುಕೊಳ್ಳುತ್ತೇನೆ.
ನೆನಪಾಗಿತ್ತು ಎಂದೂ ಕೆಲವು ರಾತ್ರಿ ಅನಿಸುತ್ತದೆ:
ಅಷ್ಟೂ ಮುಖಗಳು ನನ್ನತ್ತ ತಿರುಗಿದ್ದವು,
ಇಷ್ಟು ವರ್ಷದಲ್ಲಿ ಮೊದಲ ಸಲ.

ಡಿಸೆಂಬರಿನಲ್ಲಿ ವೈದಾಸ್ ಬಂದ, ಕಾಲ್ಚೀಲ ತಂದಿದ್ದ.
ಚಾಕಲೇಟಿನ ಸಾಲಿನ ಮುಂದೆ ನಿಂತು ಕೈ ಎತ್ತಿದ,
ಅಂಗಡಿಯಲ್ಲಿ ಯಾರ್ಯಾರಿದ್ದಾರೆಂದು ನೋಡಿದ,
ಇಳಿಸಿದ.

ತಕ್ಕಡಿಯ ಮುಳ್ಳು ನೂರ ನಲವತ್ತಕ್ಕೆ ನಿಂತಿತು.
'ಎಷ್ಟು ಕೊಡಬೇಕು?' ಎಂದು ಕೇಳಿದ.